ಉಪ್ಪಿಲ್ಲದ ಎಡೆ

ಬ್ರಹ್ಮಾವರದಲ್ಲಿ ನಾನಿರುವ ಮನೆಯ ಕೆಳಗಿನ ಬಿಡಾರದವರು ಈ ಬೆಳಿಗ್ಗೆ ಕೆಂಡದ ಮೇಲೆ ಒಣಮೀನು ಸುಡುತ್ತಿದ್ದಾರೆ. ಆ ವಾಸನೆ ಬೇಡವೆನಿಸುವವರು ಕಿಟಕಿ ಹಾಕಿಕೊಳ್ಳುತ್ತಾರೆ. ಬೇಕೆನಿಸುವ ನಾನೂ ಹಾಕಿಕೊಂಡೆ. ವೈದ್ಯರು ನನಗೆ ಉಪ್ಪು ಕಡಿಮೆ ಮಾಡಿ ಎಂದಿದ್ದಾರೆ, ಅದೊಂದು ಕಾರಣ. ಇನ್ನೊಂದು ಕಾರಣವನ್ನು ನಿಮಗೆ ಹೇಳಬೇಕಾದರೆ ಕೋಟದ ನಮ್ಮ ಅಕ್ಕನ ಮನೆಯ ಒಳಕೋಣೆಯವರೆಗೆ ನೀವು ನನ್ನ ಜೊತೆ ಬರಬೇಕು.

ಊಟಕ್ಕೂ ವಾಸಿಯಾಗದ ಕಾಯಿಲೆಗಳಿಗೂ ಇರುವ ನಂಟನ್ನು ಹುಡುಕುವುದೇ ನನ್ನ ವೃತ್ತಿಯಾಗಿತ್ತು. ಬ್ರಹ್ಮಾವರದಿಂದ ಬೈಂದೂರಿನವರೆಗೆ ಮನೆಮನೆಗೆ ಹೋಗಿ, ಜಗಲಿಯಲ್ಲಿ ಕುಳಿತು, ನಿನ್ನೆ ಏನು ಉಂಡಿರಿ, ಮೊನ್ನೆ ಏನು ಉಂಡಿರಿ ಎಂದು ಕೇಳುತ್ತಿದ್ದೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಬಾಯಲ್ಲಿ ತಾಳೆ ನೋಡದೆ ಒಪ್ಪುವ ಅಭ್ಯಾಸ ನನಗಿಲ್ಲ. ದಿನಾಂಕಗಳ ವಿಷಯದಲ್ಲಂತೂ ಇದು ಚಟವೇ ಆಗಿಹೋಗಿದೆ. ನನ್ನ ಜನ್ಮದಿನದ ಕುರಿತು ಶಾಲೆಯ ದಾಖಲೆಗೂ ಅಮ್ಮನ ನೆನಪಿಗೂ ಹೊಂದಾಣಿಕೆಯಿಲ್ಲವಾದ್ದರಿಂದ, ಹುಟ್ಟುಹಬ್ಬದ ಶುಭಾಶಯಗಳನ್ನು ಕೂಡ ಸಂಶಯದಿಂದಲೇ ಸ್ವೀಕರಿಸುತ್ತೇನೆ.

ಭಾವನ ಸಾವಿನ ದಿನವೂ ಅಂಥದ್ದೇ. ಮುಂಬಯಿಯಲ್ಲಿ ಬಹುಕಾಲ ಹೋಟೆಲು ನಡೆಸಿದ ಭಾವ, ಊರಿಗೆ ಮರಳುವಾಗ ಸಕ್ಕರೆ ಕಾಯಿಲೆಯನ್ನೂ ರಕ್ತದೊತ್ತಡವನ್ನೂ ಜೊತೆಗೆ ತಂದಿದ್ದರು. ಕೊನೆಕೊನೆಗೆ ಮೂತ್ರಪಿಂಡಗಳು ಸೋತವು. ಕುಂದಾಪುರದ ಆಸ್ಪತ್ರೆಗೆ ಡಯಾಲಿಸಿಸ್‌ಗೆಂದು ಹೋಗಿ ಬರುವುದೇ ಬದುಕಾಯಿತು. ವೈದ್ಯರು ಹೇಳಿದ ಪಥ್ಯವನ್ನು ಅಕ್ಕ ಅಕ್ಷರಶಃ ನಡೆಸಿದಳು. ಒಣಮೀನಿಲ್ಲ, ಬೆಲ್ಲದ ಹಾಲ್ಬಾಯಿಯ ಸಿಹಿಯಿಲ್ಲ, ಅನ್ನಕ್ಕೆ ಉಪ್ಪಿಲ್ಲ. ಅಷ್ಟು ದೊಡ್ಡ ಆಳು ಎಲೆಯ ಮುಂದೆ ಕುಳಿತು, “ಒಂದ್ ಹರಳ್ ಹಾಕ್ ಮಾರಾಯ್ತಿ, ಯಾರಿಗೂ ಹೇಳುದಿಲ್ಲ” ಎಂದು ಬೇಡುವುದನ್ನು ನಾನೇ ಕೇಳಿದ್ದೇನೆ. ಅಕ್ಕ ಹಾಕಲಿಲ್ಲ.

ಅವರು ತೀರಿಕೊಂಡದ್ದು ಆಸಾಡಿ ಅಮಾಸೆಯಂದು ಎನ್ನುತ್ತಾಳೆ ಅಕ್ಕ. ಮರಣಪತ್ರ ಮತ್ತು ಪಂಚಾಂಗ ಎರಡನ್ನೂ ಇಟ್ಟು ನೋಡಿದೆ. ಅಮಾವಾಸ್ಯೆ ಕಳೆದು ಕೆಲವು ದಿನಗಳ ಮೇಲೆಯೇ ಅವರ ಉಸಿರು ನಿಂತದ್ದು. ನಾನು ತಿದ್ದಲು ಹೋದಾಗ ಅವಳು ಸಿಟ್ಟಾಗಲಿಲ್ಲ. ಅಮಾಸೆಯ ದಿನದಿಂದ ಅವರು ಉಪ್ಪು ಕೇಳುವುದನ್ನು ಬಿಟ್ಟಿದ್ದರಂತೆ. ಅವಳ ಮಟ್ಟಿಗೆ ಅಂದೇ ಸಾವು.

ನಮ್ಮ ಕಡೆಯಲ್ಲಿ ಮಹಾಲಯ ಅಮಾವಾಸ್ಯೆಗೆ ಸತ್ತ ಹಿರಿಯರಿಗೆ ಬಡಿಸುವ ಪದ್ಧತಿ ಇರುವುದು ನಿಮಗೆ ತಿಳಿದಿರಬಹುದು. ಒಳಕೋಣೆಯಲ್ಲಿ ಬಾಳೆಎಲೆ ಹಾಕಿ, ಅವರವರಿಗೆ ಇಷ್ಟವಾದುದನ್ನೆಲ್ಲ ಬಡಿಸಿ, ಬಾಗಿಲು ಹಾಕಿಕೊಂಡು ಎಲ್ಲರೂ ಚಾವಡಿಯಲ್ಲಿ ಮಾತಿಲ್ಲದೆ ಕೂರುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ, ಉಣ್ಣುತ್ತಿರುವವರಿಗೆ ಮುಜುಗರವಾಗದಂತೆ ಒಮ್ಮೆ ಕೆಮ್ಮಿ ಬಾಗಿಲು ತೆರೆಯುವುದು. ಗಂಡ ಉಂಡು ಬಿಟ್ಟ ಎಲೆಯಲ್ಲಿ ಹೆಂಡತಿ ಉಣ್ಣುವುದು ಅಕ್ಕನ ಮನೆಯ ಕ್ರಮ. ಸತ್ತವರಿಗೆ ಪಥ್ಯವಿಲ್ಲವಾದ್ದರಿಂದ ಆ ಎಲೆಗೆ ಉಪ್ಪು, ಬೆಲ್ಲ, ಎಣ್ಣೆ ಯಾವುದರಲ್ಲೂ ಜಿಪುಣತನವಿಲ್ಲ. ವರ್ಷಕ್ಕೊಮ್ಮೆಯಾದರೆ ಯಾರಿಗೂ ಏನೂ ಆಗುವುದಿಲ್ಲ.

ಭಾವ ಹೋದ ಬಳಿಕ ಅಕ್ಕನಿಗೂ ಅದೇ ಕಾಯಿಲೆ ಕಾಣಿಸಿಕೊಂಡಿತು. ಸಕ್ಕರೆ ಮೊದಲೇ ಇತ್ತು. ಈಗ ಕಾಲು ಬಾತುಕೊಂಡಿತು, ರಕ್ತದ ಪರೀಕ್ಷೆಯಲ್ಲಿ ಮೂತ್ರಪಿಂಡದ ಸೋಲನ್ನು ಹೇಳುವ ಕ್ರಿಯಾಟಿನಿನ್ ಏರುತ್ತ ಹೋಯಿತು. ಹೀಗೆಯೇ ಏರಿದರೆ ಭಾವ ಮಲಗಿದ್ದ ಯಂತ್ರದ ಪಕ್ಕದಲ್ಲೇ ಅಕ್ಕನೂ ಮಲಗಬೇಕಾದೀತು ಎಂದರು ವೈದ್ಯರು. ಅಕ್ಕನ ಸೊಸೆ ಸುಜಾತಾ ಗಾಬರಿಯಿಂದ ನನಗೆ ಫೋನು ಮಾಡಿದಳು. ಅಡುಗೆಯೆಲ್ಲ ಅವಳದೇ, ಅಕ್ಕನ ಪಾಲಿಗೆ ಉಪ್ಪು ಸೋಕಿಸುತ್ತಿರಲಿಲ್ಲ. ನಾನು ಕೋಟಕ್ಕೆ ಹೋಗಿ, ವೃತ್ತಿಯ ಗತ್ತಿನಲ್ಲೇ ಅಕ್ಕನನ್ನು ಕೂರಿಸಿಕೊಂಡು ನಿನ್ನೆ ಏನು ಉಂಡೆ, ಮೊನ್ನೆ ಏನು ಉಂಡೆ ಎಂದು ಕೇಳಿದೆ. ಸುಜಾತಾಳ ಮಾತಿನೊಡನೆ ತಾಳೆ ನೋಡಿದೆ. ಎಳ್ಳಷ್ಟೂ ವ್ಯತ್ಯಾಸವಿಲ್ಲ. ಇಬ್ಬರೂ ಸತ್ಯವಂತರು, ರೋಗ ಮಾತ್ರ ಉಲ್ಬಣಿಸುತ್ತಿದೆ.

ಮಧ್ಯಾಹ್ನ ಕೈತೊಳೆಯಲು ಹೋಗುವಾಗ ಒಳಕೋಣೆಯ ಬಾಗಿಲು ಹಾಕಿತ್ತು. ಸಂದಿಯಿಂದ ಸುಟ್ಟ ಒಣಮೀನಿನ ವಾಸನೆ ಬರುತ್ತಿತ್ತು. ಇದೇನೆಂದು ಸುಜಾತಾಳನ್ನು ಕೇಳಿದೆ.

“ಅದ್ ಮಾವಂಗೆ ಬಡ್ಸಿದ್ದ್,” ಎಂದಳು, ನಾನು ಏನೂ ತಿಳಿಯದವನೆಂಬಂತೆ. “ಆಮೇಲೆ ಅತ್ತೆ ಉಂತ್ರ್. ಅದೂ ಲೆಕ್ಕಕ್ಕೆ ಬತ್ತಾ?”

ವರ್ಷಕ್ಕೊಮ್ಮೆ ಮಹಾಲಯಕ್ಕೆಂದು ಆರಂಭವಾದದ್ದು ಪ್ರತಿ ಅಮಾವಾಸ್ಯೆಗೆ ಇಳಿದು, ಅಮಾವಾಸ್ಯೆಯಿಂದ ಭಾನುವಾರಕ್ಕೆ ಇಳಿದು, ಈಗ ದಿನವೂ ನಡೆಯುತ್ತಿತ್ತು. ಅದು ಭಾವನ ಊಟ, ಅಕ್ಕನದಲ್ಲ. ಹಾಗಾಗಿ ಅವರಿಬ್ಬರೂ ನನಗೆ ಸುಳ್ಳು ಹೇಳಿರಲಿಲ್ಲ. ನಾನು ಕೂತು ಬಂದ ಅಷ್ಟೂ ಜಗಲಿಗಳು ಆ ಕ್ಷಣ ನೆನಪಾದವು. ಆ ಮನೆಗಳ ಒಳಕೋಣೆಗಳಲ್ಲಿ ಇನ್ನೂ ಯಾರು ಯಾರು ಉಣ್ಣುತ್ತಿದ್ದರೋ, ಅವರನ್ನು ನಾನು ಕೇಳಿಯೇ ಇರಲಿಲ್ಲ.

ಬಡಿಸಬೇಡ ಎಂದರೆ ಅಕ್ಕ ಒಪ್ಪುವವಳಲ್ಲವೆಂದು ಗೊತ್ತಿತ್ತು. ಆದ್ದರಿಂದ ಭಾವನಿಗೂ ಉಪ್ಪಿಲ್ಲದೆ ಬಡಿಸು ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ತಲೆ ಪೂರ್ತಿ ನರೆತ ನಾನು ಅವಳಿಗೆ ಇಂದಿಗೂ ಮಾಣಿಯೇ.

“ಸತ್ತ್ ಮೇಲೂ ಪತ್ಯ ಮಾಡ್ಸುದಾ ಮಾಣಿ? ಬದ್ಕಿಪ್ಪತ್ತಿಗೆ ಮಾಡ್ಸಿದ್ ಸಾಕಾಯ್ಲಿಲ್ಯಾ? ಅವ್ರ್ ಹಸ್ದ್ ಹೋಯಿರ್. ದಿನಾ ಬಂದ್ ಕೂಕಂತ್ರ್. ನಂಗೆ ಗೊತ್ತಾತ್ತ್.”

ಕೊನೆಗೆ ಬಹಳ ಚೌಕಾಸಿಯ ಮೇಲೆ ಎರಡು ಎಲೆಗಳಿಗೆ ಒಪ್ಪಿಸಿದೆ. ಒಂದರಲ್ಲಿ ಅವರ ಇಷ್ಟದ್ದೆಲ್ಲ, ಇನ್ನೊಂದರಲ್ಲಿ ಉಪ್ಪಿಲ್ಲದ, ನೀರು ಬಸಿದ ಗಂಜಿಯನ್ನ ಮತ್ತು ಪಲ್ಯ. ಯಾವುದು ಬೇಕೋ ಅವರೇ ಆರಿಸಿಕೊಳ್ಳಲಿ. ಅವರು ಮುಟ್ಟಿದ ಎಲೆಯನ್ನೇ ನೀನು ಉಣ್ಣು. ಗೆಲ್ಲುವ ಭರವಸೆ ನನಗಿರಲಿಲ್ಲ. ಎರಡೂ ಎಲೆ ಹಾಗೆಯೇ ಉಳಿದದ್ದನ್ನು ತೋರಿಸಿ, ಯಾರೂ ಬರುವುದಿಲ್ಲ ಅಕ್ಕ ಎಂದು ಮೆಲ್ಲಗೆ ಹೇಳುವುದಷ್ಟೇ ಉದ್ದೇಶ.

ಮರುದಿನ ನಡುಮಧ್ಯಾಹ್ನ ಬಡಿಸಿದ್ದಾಯಿತು. ಕಿಟಕಿಯ ಚಿಲಕವನ್ನು ನಾನೇ ಹಾಕಿದೆ. ಎಲ್ಲರ ಬಳಿಕ ಹೊರಗೆ ಬಂದವಳು ಅಕ್ಕ. ಮೂವರೂ ಚಾವಡಿಯಲ್ಲಿ ಕುಳಿತೆವು. ಮನೆಯ ಬೆಕ್ಕು ಎದುರಿನ ಕಟ್ಟೆಯ ಮೇಲೆ ಬಿಸಿಲಿಗೆ ಮೈಚಾಚಿತ್ತು. ಹೆದ್ದಾರಿಯಲ್ಲಿ ಬಸ್ಸೊಂದು ಹಾದುಹೋಗಿ ಸದ್ದಡಗಿತು. ಅದಾದ ಮೇಲೆ ಒಳಗೆ, ತಂಬಿಗೆಯನ್ನು ನೆಲದ ಮೇಲೆ ಯಾರೋ ತಮ್ಮತ್ತ ಎಳೆದುಕೊಂಡಂತೆ ಒಂದು ಸದ್ದು. ಅಕ್ಕ ತಿರುಗಿ ನೋಡಲಿಲ್ಲ. ಗಂಡಸರು ಮನೆಗೆ ಬಂದಾಗ ಮಾಡುವಂತೆ ಸೆರಗನ್ನು ಸರಿಪಡಿಸಿಕೊಂಡಳು, ಅಷ್ಟೆ.

ಅವಳು ಕೆಮ್ಮಿ ಬಾಗಿಲು ತೆರೆದಳು. ಒಣಮೀನಿನ ಎಲೆ ಬಡಿಸಿದ ಹಾಗೆಯೇ ಇತ್ತು. ಗಂಜಿಯ ಎಲೆಯಲ್ಲಿ ಅನ್ನದ ರಾಶಿ ಒಂದು ಬದಿಯಿಂದ ಕುಸಿದಿತ್ತು, ಬೆರಳುಗಳು ಬಳಿದುಕೊಂಡಲ್ಲಿ ಉಳಿಯುವ ಗೆರೆಗಳೊಂದಿಗೆ. ಕಿಟಕಿಯ ಚಿಲಕ ಹಾಕಿದಂತೆಯೇ ಇತ್ತು.

ಅಕ್ಕ ಹೊಸಿಲು ದಾಟಿ ಎರಡೂ ಎಲೆಗಳನ್ನು ಬಗ್ಗಿ ನೋಡಿದಳು. ನನ್ನ ಗೆಲುವನ್ನು ಅವಳು ಹೀಗೆ ಓದಿಕೊಳ್ಳುತ್ತಾಳೆಂದು ನನಗೆ ಹೊಳೆದಿರಲಿಲ್ಲ.

“ಹಾಂಗಾರೆ ಅಲ್ಲೂ ಅವ್ರಿಗೆ ಗುಣ ಆಯ್ಲಿಲ್ಲ,” ಎಂದಳು.

ಆಮೇಲೆ ಉಪ್ಪಿಲ್ಲದ ಎಲೆಯ ಮುಂದೆ ಕುಳಿತು, ಒಂದು ಅಗುಳೂ ಬಿಡದೆ ಉಂಡಳು.

ನಾನು ಸುಜಾತಾಳನ್ನು ಹಿತ್ತಲಿಗೆ ಕರೆದು, ಒಳ್ಳೆಯ ಉಪಾಯ ಮಾಡಿದೆ ಎಂದು ಹೊಗಳಿದೆ. ಅದನ್ನು ಮಾಡಿದ್ದು ನಾನೆಂದು ಅವಳು ತಿಳಿದಿದ್ದಳಂತೆ. ಅಕ್ಕನೇ ಮಾಡಿರಬಹುದೆ? ಗಂಡನಿಗೆ ಇನ್ನೂ ವಾಸಿಯಾಗಿಲ್ಲ ಎಂದು ತಾನೇ ತನಗೆ ತೋರಿಸಿಕೊಳ್ಳುವ ಹೆಣ್ಣಲ್ಲ ಅವಳು. ಎಷ್ಟು ತಾಳೆ ನೋಡಿದರೂ ಈ ಒಂದು ಸಂಗತಿ ಮಾತ್ರ ಇದುವರೆಗೂ ಹೊಂದಿ ಬಂದಿಲ್ಲ.

ಅಂದಿನಿಂದ ದಿನನಿತ್ಯದ ಬಡಿಸುವಿಕೆ ನಿಂತಿತು. ಗುಣವಾಗದವರನ್ನು ಹೀಗೆ ದಿನಾ ಕರೆದು ದಣಿಸಬಾರದು ಎಂಬುದು ಅಕ್ಕನ ತರ್ಕ. ಕ್ರಿಯಾಟಿನಿನ್ ಏರುವುದನ್ನು ನಿಲ್ಲಿಸಿದೆ. ಯಂತ್ರದ ಮಾತನ್ನು ವೈದ್ಯರು ಈಗ ಎತ್ತುತ್ತಿಲ್ಲ. ವರ್ಷಕ್ಕೊಮ್ಮೆ ಮಹಾಲಯಕ್ಕೆ ಮಾತ್ರ ಎರಡು ಎಲೆ ಹಾಕುತ್ತಾಳೆ, ಅವರು ಹೇಗಿದ್ದಾರೆಂದು ತಿಳಿಯಲು. ಪ್ರತಿ ಸಲವೂ ಕುಸಿದಿರುವುದು ಗಂಜಿಯೇ. ಇನ್ನೊಂದು ಎಲೆ ಕಾಗೆಗಳ ಪಾಲು.

ಮೊನ್ನೆಯ ಮಹಾಲಯಕ್ಕೂ ನಾನು ಹೋಗಿದ್ದೆ. ಬಾಗಿಲು ಹಾಕಿ ಬಂದು ಕುಳಿತ ಅಕ್ಕ, ಕೈಮುಗಿದು, ಈ ವರ್ಷವಾದರೂ ಅವರಿಗೆ ಗುಣವಾಗಿರಲಿ ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಗುಣವಾದ ದಿನ ಅವರು ಯಾವ ಎಲೆಗೆ ಕೈಹಾಕುತ್ತಾರೆ, ಅದನ್ನು ಆಮೇಲೆ ಯಾರು ಉಣ್ಣಬೇಕು, ಮತ್ತು ಮರುದಿನದಿಂದ ಆ ಮನೆಯಲ್ಲಿ ಏನು ನಡೆಯುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಬದುಕಿಡೀ ರೋಗಗಳು ವಾಸಿಯಾಗಲೆಂದು ದುಡಿದ ನಾನು ಅವಳ ಪಕ್ಕದಲ್ಲಿ ಕೈಮುಗಿದು, ಭಾವನಿಗೆ ವಾಸಿಯಾಗದಿರಲಿ ಎಂದು ಬೇಡಿಕೊಂಡೆ.

ಅಕ್ಕ ಬಾಗಿಲು ತೆರೆದಳು. ನನ್ನ ಬೇಡಿಕೆ ಈಡೇರಿತ್ತು. ಅವಳು ಕಣ್ಣೊರೆಸಿಕೊಂಡು ಉಣ್ಣಲು ಕುಳಿತಳು. ಬಾಗಿಲ ಬಳಿ ನಿಂತ ನಾನು, ಆ ಕೋಣೆಯಲ್ಲಿ ಇದ್ದವರು ಯಾರೇ ಆಗಿರಲಿ, ಅವರ ಮುಖ ನೋಡಬೇಕಾಗಿ ಬಂದೀತೆಂಬ ಹೆದರಿಕೆಯಿಂದ ತಲೆ ಎತ್ತಲಿಲ್ಲ.