ಎಣಿಸಲು ಹೋದ ಗ್ರಾಮಸಭೆ

ಈಚೆಗೆ ಒಂದು ಮಧ್ಯಾಹ್ನ ಉಮರ್ಗಾದ ನಮ್ಮ ಮನೆಯ ಕಟ್ಟೆಯ ಮೇಲೆ ಮೊರ ಹಿಡಿದು ತೊಗರಿಬೇಳೆ ಆರಿಸುತ್ತ ಕೂತಿದ್ದೆ. ಫೋನು ಬಂತು. ಎತ್ತಿದರೆ ಬಹಳ ವಿನಯದ ಒಂದು ಹೆಣ್ಣುದನಿ. ಮರಾಠಿಯಲ್ಲಿ ನಮಸ್ಕಾರ ಹೇಳಿ, ‘ನಿಮ್ಮ ವಾರ್ಡಿನ ಕೆಲಸಗಳನ್ನು ನಿರ್ಧರಿಸುವಾಗ ನಿಮ್ಮ ಅಭಿಪ್ರಾಯ ಕೇಳುತ್ತಾರೆಯೇ? ಹೌದಾದರೆ ಒಂದು ಒತ್ತಿ, ಇಲ್ಲವಾದರೆ ಎರಡು ಒತ್ತಿ’ ಎಂದಿತು. ನಾನು ಹಳೆಯ ಕಾಲದವಳು. ‘ಯಾರ್ರಿ ಮಾತಾಡೋದು?’ ಎಂದು ಕೇಳಿದೆ. ‘ಕ್ಷಮಿಸಿ, ನಿಮ್ಮ ಉತ್ತರ ನಮಗೆ ಸಿಗಲಿಲ್ಲ’ ಎಂದಿತು ಆ ದನಿ. ‘ತಡೀರಿ, ಕೈಯಾಗ ಮೊರ ಅದಾ’ ಎಂದೆ. ಮತ್ತೆ ಕ್ಷಮೆ ಕೇಳಿತು. ಜನ್ಮದಲ್ಲಿ ನನ್ನ ಹತ್ತಿರ ಇಷ್ಟು ಸಲ ಯಾರೂ ಕ್ಷಮೆ ಕೇಳಿದವರಲ್ಲ. ನಾನು ಕನ್ನಡಕ ಹುಡುಕಿ ಎರಡರ ಗುಂಡಿ ಒತ್ತುವುದರೊಳಗೆ ಫೋನು ಕಡಿದುಹೋಯಿತು.

ನಿಮಗೆ ನಗು ಬರಬಹುದು. ನನಗೆ ಮಾತ್ರ ಮೈಯೆಲ್ಲ ದಣಿದ ಹಾಗಾಯಿತು. ಯಾಕೆಂದರೆ ಒಂದು ಕಾಲಕ್ಕೆ ಇದೇ ಪ್ರಶ್ನೆಯನ್ನು ಊರೂರು ಅಲೆದು ಕೇಳಿದವಳು ನಾನೇ.

ನನ್ನ ತವರು ಬಸವಕಲ್ಯಾಣದ ಕಡೆ. ಮದುವೆಯಾಗಿ ಗಡಿ ದಾಟಿ ಉಮರ್ಗಾಕ್ಕೆ ಬಂದೆ. ದಾಟುವುದೇನು, ಬಸ್ಸಿನಲ್ಲಿ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಅಂಗಡಿಯ ಬೋರ್ಡುಗಳ ಅಕ್ಷರ ಬದಲಾಗಿರುತ್ತದೆ, ಅಷ್ಟೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಜಗಳಕ್ಕೆ ಎರಡೂ. ಮಕ್ಕಳು ಶಾಲೆ ಸೇರಿದ ಮೇಲೆ ನನಗೊಂದು ಕೆಲಸ ಸಿಕ್ಕಿತು. ಜನರು ತಮ್ಮ ಊರಿನ ಆಡಳಿತದಲ್ಲಿ ಎಷ್ಟರಮಟ್ಟಿಗೆ ಪಾಲ್ಗೊಳ್ಳುತ್ತಾರೆ ಎಂದು ಅಳೆಯುವ ಒಂದು ಸಂಸ್ಥೆಯವರಿಗೆ ಗಡಿಯ ಹಳ್ಳಿಗಳಲ್ಲಿ ಕನ್ನಡ ಬಲ್ಲ ಹೆಂಗಸು ಬೇಕಾಗಿತ್ತು. ನನ್ನ ಅತ್ತೆ ಪಕ್ಕದ ಮನೆಯವರ ಮುಂದೆ ಸುದ್ದಿ ಹೇಳಿದ ರೀತಿ ಇನ್ನೂ ಕಿವಿಯಲ್ಲಿದೆ: ‘ಮನ್ಯಾಗ ಆಕಿ ಮಾತು ಯಾರೂ ಕೇಳಲ್ಲ, ಊರ ಮಂದೀಗಿ ಕೇಳ್ಲಾಕ ಹೊಂಟಾಳ ನೋಡವಾ.’

ಅಳೆಯುವುದು ಎಂದರೆ ಹೀಗೆ. ಮನೆಮನೆಗೆ ಹೋಗಿ ಕೂತು ಪ್ರಶ್ನೆ ಕೇಳಬೇಕು. ಪ್ರಶ್ನೆಗಳನ್ನು ಯಾರೋ ದೂರದ ಊರಿನಲ್ಲಿ ಕೂತು ಬರೆದಿದ್ದರು. ‘ನಿರ್ಣಯಗಳಲ್ಲಿ ನಿಮ್ಮ ಸಹಭಾಗ ಎಷ್ಟು?’ ಎಂದು ಕೇಳಿದರೆ ನಿಲಂಗಾ ತಾಲ್ಲೂಕಿನ ಒಬ್ಬ ಮುದುಕ ಕಣ್ಣು ಕೆಂಪಗೆ ಮಾಡಿ, ‘ನಮ್ಮ ಭಾಗ ತಮ್ಮನ ಹಂತ್ಯಾಕ ಅದಾ, ಕೋರ್ಟಿನ್ಯಾಗ ಕೇಸ್ ನಡದದಾ, ನಿನಗ್ಯಾರು ಕಳಿಸ್ಯಾರ?’ ಎಂದು ಎದ್ದೇ ನಿಂತಿದ್ದ. ‘ಪೂರ್ತಿ ಒಪ್ಪುತ್ತೇನೆ, ಸ್ವಲ್ಪ ಒಪ್ಪುತ್ತೇನೆ’ ಎಂಬ ಮೆಟ್ಟಿಲು ಯಾರಿಗೂ ಹತ್ತಲು ಬರುತ್ತಿರಲಿಲ್ಲ. ಕೊನೆಗೆ ಹಳೆಯ ಮಂದಿಯೇ ನನಗೆ ದಾರಿ ತೋರಿಸಿದರು: ‘ಬಾರಾ ಆಣೆ ಖರೆ ಅದಾ ಬರಕೋ’, ‘ಇದು ನಾಕಾಣೇನೂ ಖರೆ ಇಲ್ಲ.’ ಆಣೆ ಹೋಗಿ ಎಷ್ಟು ಕಾಲವಾಯಿತೋ, ನಂಬಿಕೆಯ ಲೆಕ್ಕ ಮಾತ್ರ ಇನ್ನೂ ಅದರಲ್ಲೇ ಇತ್ತು.

ಮನೆಗಳು ಮುಗಿದ ಮೇಲೆ ಗ್ರಾಮಸಭೆ. ಅಲ್ಲಿ ನನ್ನ ಕೆಲಸ ಸುಲಭ. ಒಂದು ಮೂಲೆಯಲ್ಲಿ ಕೂತು ಯಾರು ಮಾತಾಡಿದರು, ಗಂಡಸೋ ಹೆಂಗಸೋ, ಎಷ್ಟು ಹೊತ್ತು ಎಂದು ಗುರುತು ಹಾಕಬೇಕು. ನಾನು ಬಾಯಿ ತೆರೆಯಬಾರದು. ನಮ್ಮ ಮೇಲಿನ ಸಾಹೇಬರು ತಿಳಿವಳಿಕೆಯ ಮನುಷ್ಯ, ಬೈಯುತ್ತಿರಲಿಲ್ಲ. ಆದರೆ ಈ ಒಂದು ಮಾತನ್ನು ಬೆರಳೆತ್ತಿ ಹೇಳುತ್ತಿದ್ದರು. ನನಗೂ ಅದು ಹಿತವಾಗಿಯೇ ಇತ್ತು. ಹಗಲೆಲ್ಲ ಕೇಳಿ ಕೇಳಿ ಗಂಟಲು ಒಣಗಿರುತ್ತಿತ್ತು. ಸಭೆಯಲ್ಲಿ ಗೋಡೆಗೆ ಒರಗಿದರೆ ನಿದ್ದೆ ಬರುತ್ತಿತ್ತು. ಸರಪಂಚರು ಮಾತಾಡುತ್ತಿದ್ದರು, ಪಂಚಾಯತಿಯ ಕಾಗದಪತ್ರ ನೋಡುವ ಗ್ರಾಮಸೇವಕ ಓದುತ್ತಿದ್ದ, ನಾಲ್ಕು ಗಂಡಸರು ಅದೇ ನಾಲ್ಕು ಮಾತು ಆಡುತ್ತಿದ್ದರು. ಹೆಂಗಸರ ಕಡೆ ನನ್ನ ಪೆನ್ನಿಗೆ ಕೆಲಸವೇ ಇರುತ್ತಿರಲಿಲ್ಲ.

ನಾಗಮ್ಮನ ಊರಿಗೆ ಹೋದದ್ದು ಅಂಥ ಒಂದು ಸಭೆಗೆ. ಔರಾದ ಶಹಾಜನಿಯಲ್ಲಿ ಇಳಿದು ಜೀಪು ಹಿಡಿದರೆ ಆ ಊರು. ಹಿಂದಿನ ದಿನ ಅವಳ ಮನೆಗೂ ಪ್ರಶ್ನೆ ಕೇಳಲು ಹೋಗಿದ್ದೆ. ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ಅಡ್ಡ ವಿಭೂತಿ, ಒರಟು ಕೈ. ಗಂಡ ಹೊಲಕ್ಕೆ ಹೋಗಿದ್ದ. ‘ಗ್ರಾಮಸಭೆಗೆ ಹೋಗುತ್ತೀರಾ?’ ಎಂದರೆ ‘ಇಲ್ಲ’ ಎಂದಳು. ‘ಯಾಕೆ?’ ಎಂದೆ. ‘ಅಲ್ಲಿ ಮರಾಠಿ ನಡೀತದ. ನನಗ ಬಾಜಾರದ ಮರಾಠಿ ಬರ್ತದ, ಸಭಾದ್ದು ಬರಲ್ಲ’ ಎಂದು ಶೇಂಗಾ ಚಟ್ನಿ ಹಚ್ಚಿದ ಅರ್ಧ ರೊಟ್ಟಿ ಕೈಗಿಟ್ಟಳು. ಅದು ಪ್ರಶ್ನೆಗಳಲ್ಲಿರಲಿಲ್ಲ, ಆದರೂ ತಿಂದೆ.

ಮರುದಿನ ಸಭೆಯಲ್ಲಿ ವಾರದ ಬಾಜಾರಕ್ಕೆ ಶೆಡ್ಡು ಕಟ್ಟುವ ವಿಷಯ ಬಂತು. ಊರಿಗೆ ಬಾಜಾರ ಇರಲಿಲ್ಲ, ಸಣ್ಣಪುಟ್ಟದಕ್ಕೂ ಔರಾದಕ್ಕೆ ಹೋಗಬೇಕಿತ್ತು, ಹಾಗಾಗಿ ಎಲ್ಲರಿಗೂ ಖುಷಿ. ಜಾಗ ಯಾವುದೆಂದರೆ ಊರ ಹೊರಗೆ ದನ ಮೇಯುವ ಗಾಯರಾಣ. ಅದಕ್ಕೆ ಹೊಂದಿಕೊಂಡೇ ಲಿಂಗಾಯತರ ರುದ್ರಭೂಮಿ. ಗ್ರಾಮಸೇವಕ ಹೊಸಬ, ದೂರದ ಜಿಲ್ಲೆಯವನು. ಅವನು ನಕ್ಷೆ ಓದಿ ಹೇಳಿದ: ರುದ್ರಭೂಮಿ ಕಡೆಯ ಮೂಡಣ ಮೂಲೆಯ ಖಾಲಿ ಜಾಗವೂ ಶೆಡ್ಡಿಗೆ ಸೇರುತ್ತದೆ. ಯಾರಾದರೂ ಮಾತಾಡುವವರಿದ್ದಾರೆಯೇ?

ಆಗ ಬಾಗಿಲ ಹೊರಗೆ, ಹೆಂಗಸರು ಚಪ್ಪಲಿ ಬಿಡುವ ಜಾಗದಿಂದ ಒಂದು ದನಿ ಬಂತು. ಸಭೆಗೆ ಬರುವುದಿಲ್ಲ ಎಂದಿದ್ದ ನಾಗಮ್ಮ ನಿಂತಿದ್ದಳು, ಜಾಗದ ಸುದ್ದಿ ಮೊದಲೇ ಕಿವಿಗೆ ಬಿದ್ದಿತ್ತೇನೋ. ಕನ್ನಡದಲ್ಲೇ ಅಂದಳು:

‘ಸಾಹೇಬ್ರ, ಆ ಜಾಗ ಖಾಲಿ ಇಲ್ರಿ. ಅಲ್ಲಿ ಕೂಸುಗೋಳು ಅವಾ. ದೊಡ್ಡೋರಿಗಿ ಗದ್ದಿಗಿ ಕಟ್ಟತಾರ, ಕಲ್ಲ ನಿಂದ್ರಸ್ತಾರ. ಹಾಲ ಕುಡಿಯೋ ಕೂಸುಗೋಳಿಗಿ ಏನೂ ಇಡಲ್ಲ. ನನ್ನ ಮೂರ ತಿಂಗಳ ಮಗಳು ಅಲ್ಲೇ ಅದಾಳ. ಆಕಿ ಮ್ಯಾಲ ಬಾಜಾರ ಮಾಡಬ್ಯಾಡ್ರಿ.’

ಗ್ರಾಮಸೇವಕ ಸುತ್ತ ನೋಡಿ, ‘ಕಾಯ್ ಮ್ಹಣತಾತ್ ಬಾಯಿ?’ ಎಂದ. ಮರಾಠಿಯಲ್ಲಿ ಬಾಯಿ ಎಂದರೆ ಹೆಂಗಸು; ಆಕೆ ಏನು ಹೇಳುತ್ತಿದ್ದಾರೆ ಎಂದು ಕೇಳಿದ, ಅಷ್ಟೆ. ಅವನದೇನೂ ತಪ್ಪಿಲ್ಲ. ಆದರೆ ಅಲ್ಲಿ ಕೂತಿದ್ದವರಲ್ಲಿ ಅರ್ಧಕ್ಕರ್ಧ ಮಂದಿಗೆ ಕನ್ನಡ ತಾಯಿನುಡಿ. ಒಬ್ಬೊಬ್ಬರೂ ನೆಲ ನೋಡುತ್ತ ಕೂತರು. ಮುಂದಿನ ಸಾಲಿನಲ್ಲಿದ್ದ ಪಂಚಾಯತಿ ಮೆಂಬರು ಬಸಪ್ಪ, ನಾಗಮ್ಮನ ಓಣಿಯವನೇ, ಶೆಡ್ಡು ತನ್ನ ಕಾಲದಲ್ಲೇ ಆಗಬೇಕೆಂದು ಓಡಾಡಿದವನು, ಮರಾಠಿಯಲ್ಲಿ ಮೆಲ್ಲಗೆ ಅಂದ: ‘ಏನಿಲ್ಲ ಸಾಹೇಬ್, ನೀರಿನ ತಕರಾರು ಹೇಳುತ್ತಿದ್ದಾಳೆ.’

‘ನೀರಿಂದು ಆಮೇಲೆ ನೋಡೋಣ’ ಎಂದು ಗ್ರಾಮಸೇವಕ ಹಾಳೆ ತಿರುವಿದ.

ನಾಗಮ್ಮ ಇನ್ನೂ ನಿಂತೇ ಇದ್ದಳು. ಬಾಜಾರದ ಮರಾಠಿ ಅವಳಿಗೆ ಬರುತ್ತಿತ್ತಲ್ಲ, ನೀರು ಎಂಬ ಮಾತು ಅವಳಿಗೆ ಚೆನ್ನಾಗಿ ತಿಳಿಯಿತು. ಅವಳ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ತಪ್ಪು ಬಸ್ಸು ಹತ್ತಿದೆ ಎಂದು ಅರಿವಾದವರ ಮುಖ ಹೇಗಿರುತ್ತದೆ, ಹಾಗಿತ್ತು. ನಾನು ಹೆಂಗಸರ ಕಡೆ ಒಂದು ಗುರುತು ಹಾಕಿಯಾಗಿತ್ತು. ನನ್ನ ಕೆಲಸ ಮುಗಿದಿತ್ತು. ನಾನು ಧೈರ್ಯದವಳಲ್ಲ, ಕಂಡಕ್ಟರು ಚಿಲ್ಲರೆ ಕೊಡದಿದ್ದರೂ ಕೇಳದೆ ಇಳಿಯುವವಳು. ಆದರೂ ಹೇಗೆ ಎದ್ದೆನೋ, ‘ನೀರಿನ ಮಾತಲ್ಲ ಸಾಹೇಬ್’ ಎಂದು ನನ್ನ ಕನ್ನಡ ವಾಸನೆಯ ಮರಾಠಿಯಲ್ಲಿ ಅವಳ ಮಾತನ್ನು ಮೊದಲಿಂದ ಕೊನೆಯವರೆಗೆ ಹೇಳಿದೆ.

ಗ್ರಾಮಸೇವಕ ಪೆನ್ನು ತೆಗೆದು ತಕರಾರು ಬರೆದುಕೊಂಡ. ವಿಷಯವನ್ನು ಮುಂದಿನ ಸಭೆಗೆ ಹಾಕಿದರು.

ನಮ್ಮ ಸಾಹೇಬರಿಗೆ ನಾನೇ ಫೋನು ಮಾಡಿ ಹೇಳಿದೆ. ಅವರು, ‘ಬಾಯಿ, ನೀವು ಥರ್ಮಾಮೀಟರು. ಥರ್ಮಾಮೀಟರು ಔಷಧ ಕೊಡಬಾರದು’ ಎಂದರು. ಆ ಊರನ್ನು ಲೆಕ್ಕದಿಂದ ತೆಗೆದರು. ಅವರ ದೃಷ್ಟಿಯಿಂದ ಸರಿಯೇ, ಅಳೆಯುವವಳೇ ಕೈ ಹಾಕಿದ ಮೇಲೆ ಅಳತೆ ಏನು ಉಳಿಯಿತು? ನನ್ನನ್ನು ಉದಗೀರ ತಾಲ್ಲೂಕಿಗೆ ಹಾಕಿದರು. ಅಲ್ಲಿ ಮತ್ತೆ ಅದೇ ಪ್ರಶ್ನೆ, ಅದೇ ಗೋಡೆ, ಅದೇ ನಿದ್ದೆ.

ಕೆಲವು ತಿಂಗಳ ನಂತರ ಔರಾದದ ಬಸ್ಸಿನಲ್ಲಿ ಸಿಕ್ಕ ಆ ಊರಿನವರೊಬ್ಬರು ಸುದ್ದಿ ಹೇಳಿದರು. ಮುಂದಿನ ಸಭೆಗೆ ಸಾಕಷ್ಟು ಮಂದಿ ಬರಲಿಲ್ಲವಂತೆ. ಮುಂದೂಡಿದ ಸಭೆಗೆ ಇಂತಿಷ್ಟು ಮಂದಿ ಬೇಕೆಂಬ ಕಟ್ಟಳೆ ಇಲ್ಲವಂತೆ. ಬೆರಳೆಣಿಕೆಯ ಗಂಡಸರು ಚಹಾ ಕುಡಿಯುತ್ತ ಕೈ ಎತ್ತಿದರಂತೆ. ಶೆಡ್ಡು ಮಂಜೂರಾಯಿತು. ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ. ಆಮೇಲೆ ಒಂದೆರಡು ವರ್ಷ ಆ ಕೆಲಸ ಎಳೆದು ಬಿಟ್ಟೆ. ಗಂಡನ ಹಿಟ್ಟಿನ ಗಿರಣಿಯಲ್ಲಿ ಕೂತೆ. ಅಲ್ಲಿಯೂ ತೂಗುವ ಕೆಲಸವೇ, ಆದರೆ ಕೊಟ್ಟ ಜೋಳಕ್ಕೆ ಹಿಟ್ಟಾದರೂ ಸಿಗುತ್ತದೆ. ಆ ಊರಿನ ದಾರಿ ಹಿಡಿಯುವ ಪ್ರಸಂಗ ಬಂದರೆ ಏನಾದರೂ ನೆಪ ಹೇಳುತ್ತಿದ್ದೆ. ಕೂಸುಗಳ ಮೇಲೆ ನಿಂತ ಆ ಶೆಡ್ಡನ್ನು ನೋಡುವ ಮನಸ್ಸಿರಲಿಲ್ಲ.

ಈಗ ಆ ಫೋನು ಕಡಿದ ಮೇಲೆ ಏನೋ ಒಂದು ಒಳಗೆ ಕೂತು ಏಳಲೇ ಇಲ್ಲ. ನಾಲ್ಕನೆಯ ದಿನ ಔರಾದದ ಬಸ್ಸು ಹತ್ತಿದೆ.

ಅಂದು ಬಾಜಾರದ ದಿನ. ಶೆಡ್ಡು ದೂರದಿಂದಲೇ ಕಂಡಿತು, ಉದ್ದನೆಯ ತಗಡಿನ ಮಾಡು. ಆದರೆ ಅದು ಮೂಡಣಕ್ಕೆ ಹೋಗುತ್ತ ಹೋಗುತ್ತ ತಟ್ಟನೆ ನಿಂತುಬಿಟ್ಟಿತ್ತು. ಅಲ್ಲಿ ಮೊಣಕಾಲೆತ್ತರದ ಒಂದು ಗೋಡೆ. ಒಳಗೆ ಸಣ್ಣ ಸಣ್ಣ ಕಲ್ಲುಗಳು, ಹುಲ್ಲು, ಎರಡು ಬೇವಿನ ಗಿಡ. ಗೋಡೆಗೆ ಬೆನ್ನು ಕೊಟ್ಟು ಪುಂಡಿಪಲ್ಲೆ, ಮೆಂತ್ಯದ ಸಿವುಡು ಹರಡಿಕೊಂಡು ಕೂತಿದ್ದವಳು ನಾಗಮ್ಮ. ಕೂದಲು ಪೂರ್ತಿ ಬೆಳ್ಳಗಾಗಿತ್ತು.

‘ಬಾರವಾ ಥರ್ಮಾಮೀಟ್ರು’ ಎಂದಳು. ಆ ಮಾತು ಅವಳವರೆಗೆ ಹೇಗೆ ಮುಟ್ಟಿತ್ತೋ ನನಗೆ ಇವತ್ತಿಗೂ ತಿಳಿಯದು.

ಗಿರಾಕಿಗಳ ನಡುವೆ ತುಂಡು ತುಂಡಾಗಿ ಹೇಳಿದಳು. ಮಂಜೂರಾದ ಮೇಲೆ ಜೆಸಿಬಿ ಬರುವ ದಿನ ಗೊತ್ತಾಯಿತು. ಹಿಂದಿನ ಸಂಜೆ ಅವಳು ಹೊಳೆಯಿಂದ ತಂದ ಒಂದು ಕಲ್ಲಿಗೆ ಅರಿಶಿನ ಹಚ್ಚಿ ಮಗಳಿದ್ದ ಜಾಗದಲ್ಲಿಟ್ಟು ಬಂದಳು. ಬೇರೇನೂ ಮನಸ್ಸಿನಲ್ಲಿರಲಿಲ್ಲ, ಜಾಗ ತಿಳಿಯಲಿ ಅಂತ. ಅದನ್ನು ನೋಡಿದ ನೆರೆಯವಳು ತನ್ನದೊಂದು ಇಟ್ಟಳು. ಬೆಳಗಾಗುವುದರೊಳಗೆ ಆ ಮೂಲೆ ಹಳದಿಯಾಗಿತ್ತು.

‘ಇಷ್ಟ ಮಂದಿ ಕೂಸುಗೋಳು ಅಲ್ಲಿ ಅವಾ ಅಂತ ನನಗೂ ತಿಳದಿದ್ದಿಲ್ಲ’ ಎಂದಳು. ‘ಯಾರೂ ಯಾರ ಮುಂದೂ ಅಂದಿದ್ದಿಲ್ಲ ನೋಡು. ಬಸಪ್ಪ ಮೆಂಬರ ಬಂದ, ಜೆಸಿಬಿಗಿ ಜಾಗ ತೋರಸ್ಲಾಕ. ಅವನ ಹೇಣತಿ ಎರಡ ಕಲ್ಲ ಮುಂದ ಇಟಗೊಂಡು ಕುಂತಿದ್ಳು. ಎದ್ದಿಲ್ಲ, ಅತ್ತಿಲ್ಲ, ಗಂಡನ ಮಾರಿ ನೋಡ್ಕೋತ ಕುಂತಳ. ಅಂವಾ ಆ ಎರಡೂ ಕಲ್ಲ ನೋಡ್ದ. ಆಮ್ಯಾಕ ಡ್ರೈವರಗ ಅಂದ, ಗಾಡಿ ಹಿಂದ ತಗೀ ಅಂತ.’

‘ಅಷ್ಟೇ?’

‘ಅಷ್ಟೇ. ಗೋಡಿ ಅವನೇ ಮುಂದ ನಿಂತು ಕಟ್ಟಿಸ್ದ. ಶೆಡ್ಡು ಆಗಿದ್ದೂ ಚಲೋನೇ ಆತು ಬಿಡು. ನಾನೂ ನಾಕ ಸಿವುಡ ಮಾರತೀನಿ, ಮಗಳ ಹಂತ್ಯಾಕೂ ಕುಂತಂಗ ಆಗ್ತದ.’

ಇಷ್ಟು ವರ್ಷ ನಾನು ಸೋಲನ್ನು ಹೊತ್ತು ತಿರುಗಿದ್ದೆ, ಇಲ್ಲಿ ಅವಳು ಪಲ್ಲೆಗೆ ನೀರು ಚಿಮುಕಿಸುತ್ತ ಕೂತಿದ್ದಳು. ಗೆದ್ದೆ ಎಂದೂ ಅವಳು ಅನ್ನಲಿಲ್ಲ. ಹಳೆಯ ಚಟ, ಕೇಳಿದೆ: ‘ಈಗ ಗ್ರಾಮಸಭಾಕ್ಕ ಹೋಗ್ತಿ ಏನವಾ?’

‘ಹೋಗ್ತೀನಿ. ಬ್ಯಾಸರಾಗ್ತದ, ಖರೆ ಹೋಗ್ತೀನಿ. ಇವತ್ತೂ ಅದಾ. ಓಣ್ಯಾಗ ಗಟಾರ ತುಂಬಿ ಹರೀಲತ್ತದ, ಮೂರ ಸಭಾ ಆತು ಕೇಳ್ಕೋತ. ನೀನೂ ಬಾ, ಹೆಂಗೂ ಬಸ್ಸ ಸಂಜೀಕದ.’

ಹೋದೆ. ಮರಾಠಿಯಲ್ಲಿ ಓದಿದ್ದನ್ನು ಈಗ ನಿಲಂಗಾದಿಂದ ಬಂದ ಅವಳ ಸೊಸೆ, ಹುಟ್ಟಾ ಮರಾಠಿಯವಳು, ಕಲಿತ ಕನ್ನಡದಲ್ಲಿ ಹೆಂಗಸರಿಗೆ ಒಂದು ಸಲ ಹೇಳುತ್ತಾಳೆ. ‘ಕಲ್ಲು’ ಅನ್ನುವಲ್ಲಿ ‘ಕಾಲು’ ಅನ್ನುತ್ತಾಳೆ, ಎಲ್ಲರೂ ನಗುತ್ತಾರೆ, ಅವಳೂ ನಗುತ್ತಾಳೆ. ಹೆಂಗಸರು ಒಳಗೇ ಕೂತಿದ್ದರು, ಆದರೆ ಬಹಳ ಮಂದಿ ಇರಲಿಲ್ಲ. ಸರಪಂಚರು ಬೇರೆ, ಮಾತು ಅವವೇ. ಬೀದಿದೀಪದ ಚರ್ಚೆ ಎಳೆದು ಎಳೆದು ಯಾವ ಕಡೆಗೂ ಮುಟ್ಟಲಿಲ್ಲ. ನನ್ನ ಕೈಯಲ್ಲಿ ಪೆನ್ನಿರಲಿಲ್ಲ. ಯಾರು ಎಷ್ಟು ಹೊತ್ತು ಮಾತಾಡಿದರು ಎಂದು ನೋಡಲೇ ಇಲ್ಲ. ಅಷ್ಟೊಂದು ಸಭೆಗಳಲ್ಲಿ ಕೂತವಳು, ಅವರು ಏನು ಮಾತಾಡುತ್ತಿದ್ದಾರೆ ಎಂದು ಕಿವಿಗೊಟ್ಟು ಕೇಳಿದ್ದು ಅಂದೇ ಮೊದಲು ಅನ್ನಿಸಿತು.

ನಾಗಮ್ಮ ಬೆಳಗಿನಿಂದ ಬಿಸಿಲಲ್ಲಿ ಕೂತು ದಣಿದಿದ್ದಳು. ‘ಗಟಾರದ ಮಾತು ಬಂದ್ರ ಎಬ್ಬಸು’ ಎಂದು ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆಹೋದಳು. ಅವಳ ಸೆರಗಿನಿಂದ ಮೆಂತ್ಯದ ವಾಸನೆ ಬರುತ್ತಿತ್ತು. ತೋಳು ಜೋಮು ಹಿಡಿಯಿತು. ಹೊರಗೆ ನನ್ನ ಬಸ್ಸಿನ ಹೊತ್ತಾಗುತ್ತಿತ್ತು. ಅಲುಗಾಡದೆ ಕೂತೆ.

ಗ್ರಾಮಸೇವಕ ಹಾಳೆ ತಿರುವಿ, ‘ಗಟಾರ’ ಎಂದ.

‘ಏಳವಾ, ಬಂತು’ ಎಂದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನ ಮೊಣಕಾಲಿಗೆ ಕೈಯೂರಿ, ನಿಧಾನಕ್ಕೆ ಎದ್ದು ನಿಂತಳು.