ಮಾವ ಮುಟ್ಟಿದ ಪೆಟ್ಟಿಗೆ

ನನ್ನ ಮಾವನ ಎಡಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ತೊಗಲಿಗೆ ತೂತು ಹಾಕುವ ಆರಿ ಯಾವತ್ತೋ ಜಾರಿ ಚುಚ್ಚಿದ ಗುರುತು. ಆ ಸೀಳಿನಲ್ಲಿ ಕೂತ ಕಪ್ಪು ಯಾವ ಸೋಪಿಗೂ ಬಿಡುತ್ತಿರಲಿಲ್ಲ. ಊಟಕ್ಕೆ ಕೂತಾಗ ಆ ಬೆರಳನ್ನು ಬೇಕೆಂದೇ ನನಗೆ ಕಾಣುವ ಹಾಗೆ ತಾಟಿನ ಅಂಚಿಗೆ ಇಡುತ್ತಿದ್ದರು. ನಾನು ಬೇಕೆಂದೇ ನೋಡದೆ ರೊಟ್ಟಿ ಹಾಕುತ್ತಿದ್ದೆ.

ಮಾವನಿಗೂ ಸೊಸೆಗೂ ಆಗುತ್ತಿರಲಿಲ್ಲ. ಅವರು ಹೊಸಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ, ಊರಾಚೆಯ ನಮ್ಮವರ ಕೇರಿಯಲ್ಲಿ, ತಂಗಡಿ ತೊಗಟೆ ಹಾಕಿ ತೊಗಲು ಹದ ಮಾಡಿ, ಕೆರ, ಬಾರುಕೋಲು, ಬಾವಿಯ ನೀರೆತ್ತುವ ತೊಗಲಿನ ಚೀಲ ಹೊಲಿದು ಬಾಳಿದವರು. ನನ್ನ ತವರು ಹಗರಿಬೊಮ್ಮನಹಳ್ಳಿ. ಅಪ್ಪ ಸರ್ಕಾರಿ ಜವಾನ. ನಮ್ಮ ಗೋಡೆಯ ಮೇಲೆ ಬುದ್ಧನ ಪಟವಿತ್ತು. ತೊಗಲು ಅಜ್ಜನ ಕಾಲಕ್ಕೇ ನಮ್ಮ ಮನೆ ಬಿಟ್ಟು ಹೋಗಿತ್ತು.

ಎಂಬತ್ತರ ದಶಕದ ಮೊದಲಲ್ಲಿ ನನಗೆ ಕೂಡ್ಲಿಗಿಯ ಕಚೇರಿಯೊಂದರಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು. ನಾನೂ ಗಂಡನೂ ಅಲ್ಲೇ ಬಾಡಿಗೆ ಮನೆ ಹಿಡಿದೆವು. ಅತ್ತೆ ತೀರಿಕೊಂಡ ಮೇಲೆ ಮಾವನೂ ಬಂದರು. ಕಂಕುಳಲ್ಲಿ ಹತಾರಗಳ ಗಂಟು.

“ಮಾವ, ಇಲ್ಲಿ ಇವೆಲ್ಲ ಬ್ಯಾಡ್ರಿ. ಓಣ್ಯಾಗ ಗೊತ್ತಾದ್ರ ಮನಿ ಬಿಡಸ್ತಾರ,” ಎಂದೆ. ಅದು ಅರ್ಧ ನಿಜ. ಉಳಿದರ್ಧ ನನ್ನ ನಾಚಿಕೆ.

“ನೀ ಮಿಷಿನ್ ಬಡದ್ರ ನೌಕರಿ, ನಾ ತೊಗಲು ಬಡದ್ರ ಜಾತಿ. ಹೌದಿಲ್ಲೋ ಟೈಪಮ್ಮ?” ಎಂದು ಗಂಟನ್ನು ಅಟ್ಟಕ್ಕೆ ಒಗೆದರು. ಅಂದಿನಿಂದ ನನ್ನ ಹೆಸರು ಅವರ ಬಾಯಲ್ಲಿ ಬರಲಿಲ್ಲ, ಬರೀ ಟೈಪಮ್ಮ.

ಒಂದು ಬೇಸಿಗೆ ನನಗೆ ಬೆಂಗಳೂರಲ್ಲಿ ತರಬೇತಿ ಬಿತ್ತು. ಮಾವನ ಕಣ್ಣಿಗೆ ಪೊರೆ ಬರುತ್ತಿತ್ತು. ಗಂಡನಿಗೆ ರಜೆ ಸಿಗದೆ, ಅವರನ್ನು ಅಲ್ಲಿನ ದೊಡ್ಡಾಸ್ಪತ್ರೆಗೆ ತೋರಿಸುವ ಕೆಲಸವೂ ನನ್ನ ಹೆಗಲಿಗೇ ಬಂತು. ಡಾಕ್ಟರು ಆಪರೇಷನ್ ಎಂದರು, ಮಾವ ಒಲ್ಲೆನೆಂದರು. ಕೊನೆಯ ದಿನ ತರಬೇತಿಯ ಇಬ್ಬರು ಗೆಳತಿಯರು ಒಂದು ವಸ್ತುಸಂಗ್ರಹಾಲಯಕ್ಕೆ ಹೊರಟರು. ಪರದೇಶದ ಹೆಸರುವಾಸಿ ಕಂಪನಿಯೊಂದು ರಾಜಮಹಾರಾಜರಿಗೆ ಮಾಡಿಕೊಟ್ಟ ಪ್ರಯಾಣದ ಪೆಟ್ಟಿಗೆಗಳ ಪ್ರದರ್ಶನವಂತೆ. ನಾನೂ ಹೊರಟೆ. ಮಾವನನ್ನು ಒಬ್ಬರನ್ನೇ ಬಿಡುವಂತಿರಲಿಲ್ಲ, ಹಿಂದೆ ಬಂದರು. ನಾನು ಯಾವ ಕೇರಿಯವಳೆಂದು ಗೆಳತಿಯರಿಗೆ ಗೊತ್ತಿರಲಿಲ್ಲ. ಹಿಂದೆ ಬರುತ್ತಿರುವವರು ಯಾರೆಂದೂ ನಾನು ಹೇಳಿರಲಿಲ್ಲ.

ಒಳಗೆ ತಂಪು. ಗಾಜಿನ ಹಿಂದೆ ದೀಪ ಹಾಕಿ ಪೆಟ್ಟಿಗೆಗಳನ್ನು ದೇವರಂತೆ ಕೂರಿಸಿದ್ದರು. ರುಮಾಲಿಗೊಂದು, ಅತ್ತರಿಗೊಂದು, ಬೇಟೆಗೆ ಹೋದಾಗ ಚಹಾ ಕುಡಿಯಲು ಇನ್ನೊಂದು. ಗೋಡೆಯ ಮೇಲೆ ಒಬ್ಬ ಬಿಳಿ ಮುದುಕನ ಫೋಟೋ. ತೊಡೆಯ ಮೇಲೆ ತೊಗಲು, ಕೈಯಲ್ಲಿ ಆರಿ. ಮಾವ ಅದರೆದುರು ನಿಂತುಬಿಟ್ಟರು.

“ಏನು ಬರದಾರ? ಓದು.”

“ಈ ಮನೆತನದವರು ಐದು ತಲೆಮಾರಿನಿಂದ ತೊಗಲು ಹೊಲಿಯುತ್ತ ಬಂದಾರಂತ. ಆ ಕೈಗಳೇ ಕಂಪನಿಯ ಹೆಮ್ಮೆ ಅಂತ,” ಎಂದು ಸಣ್ಣ ದನಿಯಲ್ಲಿ ಹೇಳಿದೆ.

“ಐದಾ? ನಮ್ಮದು ಎಷ್ಟೋ, ಎಣಿಸಿದವ್ರು ಯಾರು?” ಫೋಟೋದ ಹತ್ತಿರಕ್ಕೆ ಮುಖ ಚಾಚಿ ಕೇಳಿದರು, “ಇವ್ರ ಮನಿ ಊರೊಳಗ ಇತ್ತೋ, ಊರ ಹೊರಗಿತ್ತೋ?”

ಅದನ್ನು ಅಲ್ಲಿ ಬರೆದಿರಲಿಲ್ಲ.

ಒಂದು ಪೆಟ್ಟಿಗೆಗೆ ಗಾಜಿರಲಿಲ್ಲ, ಸುತ್ತ ಹಗ್ಗವಷ್ಟೇ. ಕಣ್ಣು ಮಂಜಾಗಿದ್ದ ಮಾವ ಹಗ್ಗದಾಚೆ ಕೈ ಚಾಚಿ ಅದರ ಹೊಲಿಗೆಯನ್ನು ಬೆರಳಲ್ಲಿ ಸವರಿದರು. ಕಾವಲಿನವನು ಓಡಿಬಂದು ಆ ಕೈಯನ್ನು ತಟ್ಟಿ ಸರಿಸಿದ.

“ಏಯ್, ಮುಟ್ಬೇಡ! ಕೈ ನೋಡು ಹೆಂಗಿದೆ!”

“ಎರಡು ಸೂಜಿ ಹೊಲಿಗಿ ಇದು, ನಾನೂ ಹಾಕ್ತೀನಿ,” ಮಾವನ ದನಿ ಏರಿತು. “ಸತ್ತ ದನದ ತೊಗಲಪಾ ಇದು. ನಾ ಮುಟ್ಟಿದ್ರ ಮೈಲಿಗಿ ಆಗೋದು ಪೆಟ್ಟಿಗಿಗೋ, ನಿನಗೋ?”

ಜನ ಸೇರಿದರು. “ಯಾರ್ ಕಡೆಯವರು ಇವರು?” ಎಂದು ಕಾವಲಿನವನು ಕೇಳಿದ. ಗೆಳತಿಯರಿಬ್ಬರೂ ನನ್ನ ಮುಖ ನೋಡಿದರು.

“ನಮ್ಮೂರ ಕಡೆಯವರು. ಆಸ್ಪತ್ರೆಗೆ ಅಂತ ಬಂದಿದ್ರು,” ಎಂದೆ.

ಮಾವ ನನ್ನತ್ತ ತಿರುಗಲಿಲ್ಲ. ನೆಟ್ಟಗೆ ಬಾಗಿಲು ದಾಟಿ ಹೋದರು. ಬಸ್ಸಿನಲ್ಲಿ ಬೇರೆ ಸೀಟು ಹಿಡಿದು ಕೂತರು.

ಸೋಮವಾರ ಅಟ್ಟದ ಮೇಲೆ ಗಂಟಿರಲಿಲ್ಲ. ಕಚೇರಿಗೆ ಹೋದರೆ ಗೇಟಿನ ಬಳಿಯ ಬೇವಿನ ನೆರಳಲ್ಲಿ ಗೋಣಿತಟ್ಟು ಹಾಸಿ ಮಾವ ಕೂತಿದ್ದಾರೆ! ಎದುರಿಗೆ ಆರಿ, ತೊಗಲು ಕೊಯ್ಯುವ ರಂಪಿಗೆ, ನೀರಿನ ಬೋಗುಣಿ. ನನಗೆ ಮೈಯೆಲ್ಲ ಉರಿದುಹೋಯಿತು. ಮೂರು ದಿನ ಹಿಂಬಾಗಿಲಿನಿಂದ ಓಡಾಡಿದೆ.

ನಾಲ್ಕನೆಯ ದಿನ ಪಕ್ಕದ ಮೇಜಿನ ಗುಮಾಸ್ತೆ ಹೊಲಿಸಿಕೊಂಡ ಚಪ್ಪಲಿ ಹಿಡಿದು ಬಂದಳು. “ಆ ಮುದುಕಪ್ಪ ಎಂಥಾ ಹೊಲಿಗಿ ಹಾಕ್ಯಾನ ನೋಡ್ರಿ. ಯಾವೂರಪ್ಪಾ ನಿಂದು ಅಂದ್ರ, ಒಳಗ ಕೇಳ್ರಿ ಅಂತಾನ!”

ನಾನು ಟೈಪ್ ಮಿಷಿನ್ನಿನಿಂದ ಕೈ ತೆಗೆದೆ.

“ಅವರು ನಮ್ಮ ಮಾವ,” ಎಂದೆ.

ಆಕೆ ಚಪ್ಪಲಿಯನ್ನು ಮೆಲ್ಲಗೆ ನೆಲಕ್ಕಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡಳು. ದಿನಾ ನನ್ನ ಬುತ್ತಿಯ ಪಲ್ಯಕ್ಕೆ ಕೈ ಚಾಚುತ್ತಿದ್ದವಳು ಅಂದು ಕಿಟಕಿಗೆ ಮುಖ ಮಾಡಿ ಉಂಡಳು. ಮುಂದೆಯೂ ಹಾಗೇ ಉಂಡಳು.

ನಾನು ಎದ್ದು ಗೇಟಿಗೆ ಹೋದೆ. “ಹೇಳಿದೆರಿ ಮಾವ.”

ಅವರು ತಲೆಯೆತ್ತಲಿಲ್ಲ. “ನಾಕು ದಿನ ಬೇಕಾತು.”

“ತಪ್ಪಾತ್ರಿ.”

“ಹೂಂ. ತಪ್ಪಾತು.” ಅಷ್ಟೇ. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಬೇಡಲಿಲ್ಲ.

ಸುದ್ದಿ ಓಣಿಗೆ ಮುಟ್ಟಿ ನಾವು ಮನೆ ಬಿಡಬೇಕಾಯಿತು. ಅದಕ್ಕಾಗಿ ನಾನು ಅವರ ಮೇಲೆ ತಿಂಗಳುಗಟ್ಟಲೆ ಕಿಡಿಕಾರಿದೆ. ಅವರು ಜಗ್ಗಲಿಲ್ಲ. ಪೊರೆ ಕಣ್ಣನ್ನು ಪೂರ್ತಿ ಕವಿಯುವವರೆಗೆ, ಎರಡು ವರ್ಷ, ಆ ಬೇವಿನ ಕೆಳಗೇ ಕೂತರು. ನಾನು ಮುಂಬಾಗಿಲಿನಿಂದ ಹೋಗತೊಡಗಿದೆ. ಹೋಗುವಾಗ ಒಬ್ಬರನ್ನೊಬ್ಬರು ಮಾತಾಡಿಸುತ್ತಿರಲಿಲ್ಲ. ನೌಕರಿ ಕೊಡದ ಬೆನ್ನೆಲುಬನ್ನು ಆ ಸಿಟ್ಟಿನ ಮುದುಕರು ನನಗೆ ಕೊಟ್ಟರೆಂದು ತಿಳಿಯುವಷ್ಟರಲ್ಲಿ ಅವರು ಹಾಸಿಗೆ ಹಿಡಿದಿದ್ದರು.

ಅವರು ತೀರಿದ ವಾರ ಮರಣದ ದಾಖಲೆ ಬರೆಸಲು ನೋಂದಣಿ ಕಚೇರಿಗೆ ಹೋದೆ. ಬರೆದುಕೊಳ್ಳುವವನು ನನ್ನ ಪರಿಚಯದವನೇ.

“ಉದ್ಯೋಗ ಕೂಲಿ ಅಂತ ಹಾಕ್ಲೇನ್ರಿ ಮೇಡಂ?”

“ಬ್ಯಾಡ್ರಿ. ತೊಗಲಿನ ಕೆಲಸ ಅಂತ ಬರೀರಿ.”

ಅವನ ಪೆನ್ನು ಒಂದು ಗಳಿಗೆ ನಿಂತು ಮತ್ತೆ ಓಡಿತು. “ನೀವು ಅವರಿಗೆ ಏನಾಗಬೇಕ್ರಿ?”

“ಸೊಸಿ,” ಎಂದೆ. ಹಿಂದೆ ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಎಂದೆ.