ಗಂಟೆಯ ಜೊತೆಗೆ ದೀಪ ಕೇಳಿದ ಒಲೆಯಕ್ಕ

ಬೆಳಗಿನ ಜಾವ. ಬೀದಿದೀಪಗಳು ಇನ್ನೂ ಆರಿಲ್ಲ. ಬೇಕರಿಯ ಹಿಂಬಾಗಿಲಿನಿಂದ ಬಿಸಿ ಬ್ರೆಡ್ಡಿನ ಪರಿಮಳ ಓಣಿಗೆಲ್ಲ ಹಬ್ಬಿದೆ. ಒಳಗೆ ಆಳೆತ್ತರದ ನಾಲ್ಕು ಒಲೆಗಳು. ಎರಡನೆಯದರ ನೆತ್ತಿಯ ಮೇಲೆ ಕೆಂಪು ದೀಪ ಮಿನುಗಿದ್ದೇ ತಡ, ಗಟ್ಟಿಮುಟ್ಟಾದ ಹೆಂಗಸೊಬ್ಬರು ಕೈಗವಸು ಏರಿಸಿ ಬಾಗಿಲು ತೆರೆದು, ಕಾದ ತಟ್ಟೆಯನ್ನು ಸರಕ್ಕನೆ ಎಳೆಯುತ್ತಾರೆ. "ದಾರಿ ಬಿಡ್ರೋ! ಸುಟ್ಕೊಂಡು ಆಮೇಲೆ ನನ್ನ ಬೈಬೇಡಿ!" ಆ ಗಂಟಲಿಗೆ ಹಿಟ್ಟು ನಾದುತ್ತಿದ್ದವರೆಲ್ಲ ಬೆಚ್ಚಿ ಪಕ್ಕಕ್ಕೆ ಸರಿಯುತ್ತಾರೆ. ಆ ದನಿ ಕೂಗಿದವರಿಗೆ ಮಾತ್ರ ಕೇಳಿಸುವುದಿಲ್ಲ.

ಇಲ್ಲಿ ಎಲ್ಲರಿಗೂ ಅವರು ಒಲೆಯಕ್ಕ. ಮದುವೆಗೆ ಮೊದಲೇ ಈ ಕೆಲಸಕ್ಕೆ ಸೇರಿದವರು. ಈಗ ಹಿರಿಮಗಳು ಕಾಲೇಜಿನಲ್ಲಿದ್ದಾಳೆ. ದಿನಕ್ಕೆ ಸಾವಿರಕ್ಕೂ ಮೀರಿ ಬ್ರೆಡ್ಡು ಇವರ ಕೈದಾಟಿ ಹೋಗುತ್ತದೆ. ಅವರ ಬಗ್ಗೆ ಬರೆಯಲು ಬಂದ ನಾನು ಪ್ರಶ್ನೆಗಳನ್ನು ಫೋನಿನಲ್ಲಿ ಬರೆದು ತೋರಿಸುತ್ತೇನೆ. ಅರ್ಧ ಓದುವಷ್ಟರಲ್ಲಿ ಉತ್ತರ ಬಂದಿರುತ್ತದೆ.

ಆರು ವರ್ಷದ ಹಿಂದೆ ಮಿದುಳಿಗೇರಿದ ಜ್ವರ ಎರಡೂ ಕಿವಿಗಳನ್ನು ಕಿತ್ತುಕೊಂಡಿತು. ಚೇತರಿಸಿಕೊಂಡು ಕೆಲಸಕ್ಕೆ ಬಂದರೆ ಮ್ಯಾನೇಜರು ಬಾಗಿಲಲ್ಲೇ ತಡೆದರು. ಬ್ರೆಡ್ಡು ಬೆಂದಾಗ ಬಾರಿಸುವ ಒಲೆಯ ಗಂಟೆ ಕೇಳಿಸದವಳನ್ನು ಒಳಗೆ ಬಿಟ್ಟು ಅನಾಹುತವಾದರೆ ಯಾರು ಹೊಣೆ ಎಂದರು. "ಗಂಟೆ ಜೊತೆಗೊಂದು ದೀಪ ಹಾಕಿಸಿ ಸಾರ್, ಕಣ್ಣು ನೆಟ್ಟಗಿದೆ ಅಂದೆ. ನಿನ್ನೊಬ್ಬಳಿಗೋಸ್ಕರ ಬೇಕರೀನೇ ಬದಲಾಯಿಸ್ಬೇಕಾ ಅಂತ ಕಾಗದದಲ್ಲಿ ಬರೆದು ತೋರಿಸಿದ್ರು. ಕೇಳಿದ್ದು ಒಂದು ಬಲ್ಬು!"

ವಾರದೊಳಗೆ ಕೆಲಸದಿಂದ ತೆಗೆದರು. ಬಣ್ಣ ಬಳಿಯುವ ಗಂಡನಿಗೆ ಕೆಲಸ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ದೊಡ್ಡವರನ್ನು ಎದುರು ಹಾಕಿಕೊಳ್ಳುವುದು ಬೇಡ ಎಂದು ಗಂಡ ಕೈಮುಗಿದು ಬೇಡಿಕೊಂಡರು. ಬೆನ್ನಿಗೆ ನಿಂತವಳು ಹೊಲಿಗೆ ಕಾರ್ಖಾನೆಯಲ್ಲಿ ದುಡಿಯುವ ನಾದಿನಿ. ಅತ್ತಿಗೆಯ ಕೈಹಿಡಿದು ತನ್ನ ಕಾರ್ಮಿಕ ಸಂಘದ ವಕೀಲೆಯ ಬಳಿ ಕರೆದೊಯ್ದಳು. ಅಂಗವೈಕಲ್ಯ ಬಂತೆಂದು ಕೆಲಸದಿಂದ ತೆಗೆಯುವಂತಿಲ್ಲ, ಕೆಲಸ ಮಾಡಲು ಬೇಕಾದ ಅನುಕೂಲವನ್ನು ಮಾಲೀಕರೇ ಮಾಡಿಕೊಡಬೇಕು, ಅದಕ್ಕೆ ಕಾನೂನಿದೆ ಎಂದು ವಕೀಲೆ ಬರೆದು ತೋರಿಸಿದರು. "ಓದಿ ಅಳು ಬಂತು. ಆಮೇಲೆ ಕೋಪ ಬಂತು. ಇದು ಇದ್ದೂ ನನ್ನ ಬೀದಿಗೆ ಹಾಕಿದ್ರಲ್ಲ ಅಂತ."

ವಕೀಲೆ ಹಾಕಿದ ಕೇಸು ಎರಡು ವರ್ಷ ಎಳೆಯಿತು. ಮೊದಲ ವಿಚಾರಣೆಯಲ್ಲೇ ಎಲ್ಲರೂ ತಮ್ಮ ತಮ್ಮೊಳಗೆ ಮಾತಾಡಿಕೊಳ್ಳುತ್ತಿದ್ದರಂತೆ. ಒಲೆಯಕ್ಕ ಎದ್ದು ನಿಂತು ಮೇಜು ಕುಟ್ಟಿದರು. "ನನ್ನ ವಿಚಾರ ನನಗೇ ಗೊತ್ತಾಗ್ದಂಗೆ ಮಾತಾಡ್ತೀರಲ್ಲ, ಇದ್ಯಾವ ನ್ಯಾಯ?" ಅಂದಿನಿಂದ ಪ್ರತಿ ಮಾತನ್ನೂ ಅವರೆದುರಿನ ಪರದೆಯ ಮೇಲೆ ಟೈಪ್ ಮಾಡಿ ತೋರಿಸುವಂತೆ ವಿಚಾರಣೆ ನಡೆಸುತ್ತಿದ್ದ ಅಧಿಕಾರಿ ಹೇಳಿದರು.

ನಡುವೆ ಮಾಲೀಕರು ರಾಜಿಗೂ ಕರೆದರು. ಉಗ್ರಾಣದ ಮೂಲೆಯಲ್ಲಿ ಸುಮ್ಮನೆ ಕೂತಿರು, ಸಂಬಳ ತಪ್ಪಿಸುವುದಿಲ್ಲ ಎಂದರು. ಗಂಡನಿಗೆ ಆಸೆ ಹುಟ್ಟಿತು. ಇವರು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ಕೂರೋಕೆ ನಮ್ಮನೇಲಿ ಕುರ್ಚಿ ಇಲ್ವಾ? ನನಗೆ ಒಲೆ ಬೇಕು ಅಂದೆ."

ಕೊನೆಗೆ ಆದೇಶ ಇವರ ಪರ ಬಂತು: ಅದೇ ಕೆಲಸ, ಅದೇ ಜಾಗ, ಮೇಲೊಂದು ದೀಪ. ಮರಳಿ ಬಂದ ದಿನ ಮಾಲೀಕರಿಗೆ ಹೆದರಿ ಯಾರೂ ಮಾತಾಡಿಸಲಿಲ್ಲ. ಹಿಟ್ಟಿನ ಯಂತ್ರದ ಗದ್ದಲದಲ್ಲಿ ಗಂಟೆ ಯಾರಿಗೂ ಸರಿಯಾಗಿ ಕೇಳಿಸುತ್ತಿರಲಿಲ್ಲವೆಂಬುದು ಆಮೇಲೆ ಬಯಲಾಯಿತು. ಉಳಿದ ಮೂರು ಒಲೆಗಳಿಗೂ ದೀಪಗಳು ಬಂದವು. "ಕಿವಿ ಇದ್ದೋರೂ ಈಗ ಅದನ್ನೇ ನೋಡ್ತಾರೆ," ಎನ್ನುತ್ತಾ ಕಣ್ಣು ಮಿಟುಕಿಸುತ್ತಾರೆ.

ಕಳೆದ ತಿಂಗಳು ಮೇಲ್ವಿಚಾರಕಿಯ ಹುದ್ದೆ ಖಾಲಿಯಾಯಿತು. ಸೇವೆಯಲ್ಲಿ ಎಲ್ಲರಿಗಿಂತ ಹಿರಿಯರು ಒಲೆಯಕ್ಕನೇ. ಫೋನ್ ಎತ್ತಿ ಮಾತಾಡಲಾಗದೆಂಬ ಕಾರಣಕ್ಕೆ ಹುದ್ದೆ ತಪ್ಪಿತು. ಬಡ್ತಿಯಲ್ಲೂ ಹಾಗೆ ಭೇದ ಮಾಡುವಂತಿಲ್ಲ ಎಂದು ಇವರು ಮತ್ತೆ ದೂರು ಕೊಟ್ಟಿದ್ದಾರೆ. ಇದೂ ವರ್ಷಗಟ್ಟಲೆ ಎಳೆದರೇನು ಮಾಡುತ್ತೀರಿ ಎಂದು ಬರೆದು ತೋರಿಸುತ್ತೇನೆ.

ಓದಿ, ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಾರೆ.

"ಎಳೀಲಿ ಬಿಡಿ. ಹೋದ ಸಲ ಹೊರಗೆ ನಿಂತು ಜಗಳ ಆಡಿದ್ದೆ. ಈ ಸಲ ಒಳಗೇ ಇದ್ದೀನಲ್ಲ!"